ಈಜು ಅಷ್ಟಕ್ಕಷ್ಟೇ, ಸ್ಕೂಬಾ ಕಲಿಯುವ ಆಸೆ: ದಾವಣಗೆರೆ–ಚಿತ್ರದುರ್ಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕೂಬಾ ಅಂದರೆ ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಇಳಿಯುವುದು. ಅದನ್ನು ಕಲಿಸುವ ಕೋರ್ಸಿನಲ್ಲಿ ಒಂದು ಈಜು ಪರೀಕ್ಷೆ ಇರುತ್ತದೆ. ಕೈಕಾಲು ಬಡಿದು ಒಂದಿಷ್ಟು ದೂರ ಹೋಗಬಲ್ಲೆ, ಆದರೆ ಈಜುಗಾರ ಅಂತ ಹೇಳಿಕೊಳ್ಳುವಷ್ಟಿಲ್ಲ ಎನ್ನುವವರಿಗಾಗಿ ಈ ಪುಟ. ನೀರಿಗೆ ಇಳಿದೇ ಇಲ್ಲ ಎನ್ನುವವರು ಮೊದಲು ಒಬ್ಬ ಕೋಚ್ ಹತ್ತಿರ ಒಂದು ತಿಂಗಳು ಕಲಿತು ಆಮೇಲೆ ಇಲ್ಲಿಗೆ ಬನ್ನಿ.

ಪರೀಕ್ಷೆಯಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ?

ನಮ್ಮ ಕಡೆಯಿಂದ ಹೋಗುವವರಲ್ಲಿ ಹೆಚ್ಚಿನವರು ಸೇರುವುದು ಪ್ಯಾಡಿ (PADI) ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಓಪನ್ ವಾಟರ್ ಡೈವರ್ ಕೋರ್ಸಿಗೆ. ಅದರಲ್ಲಿ ನೀರಿನ ಪರೀಕ್ಷೆ ಎರಡು ಭಾಗ. ಒಂದು, ನಿಲ್ಲದೆ 200 ಮೀಟರ್ ಈಜು. ಅದು ಬೇಡವೆಂದರೆ ಮಾಸ್ಕ್ (ಕಣ್ಣು-ಮೂಗು ಮುಚ್ಚುವ ಗಾಜಿನ ಮುಖವಾಡ), ಸ್ನಾರ್ಕೆಲ್ (ಮುಖ ನೀರಿನಲ್ಲಿದ್ದರೂ ಉಸಿರಾಡಲು ಬಾಯಲ್ಲಿಡುವ ಕೊಳವೆ), ಫಿನ್ (ಕಾಲಿಗೆ ಹಾಕುವ ರೆಕ್ಕೆ) ಹಾಕಿಕೊಂಡು 300 ಮೀಟರ್. ಇನ್ನೊಂದು, ಕಾಲಿಗೆ ನೆಲ ಸಿಗದ ನೀರಿನಲ್ಲಿ ಯಾವ ಆಸರೆಯೂ ಇಲ್ಲದೆ 10 ನಿಮಿಷ ತೇಲಿಕೊಂಡಿರುವುದು.

ಈಜಿಗೆ ಸಮಯದ ಮಿತಿ ಇಲ್ಲ. ಇಂಥದೇ ಶೈಲಿ ಅಂತಲೂ ಇಲ್ಲ. ಅರ್ಧ ದೂರ ಕಪ್ಪೆ ಈಜು, ಉಳಿದರ್ಧ ಅಂಗಾತ ಈಜು ಮಾಡಿದರೂ ನಡೆಯುತ್ತದೆ. ತೇಲುವುದಕ್ಕೂ ಹಾಗೆಯೇ: ಅಂಗಾತ ಮಲಗಿ, ನಿಂತ ಭಂಗಿಯಲ್ಲಿ ಕಾಲಾಡಿಸಿ, ಇಲ್ಲವೇ ಎರಡನ್ನೂ ಬದಲಾಯಿಸುತ್ತ ಇರಿ. ಬೇರೆ ಸಂಸ್ಥೆಗಳ ಕೋರ್ಸಿನಲ್ಲಿ ನಿಯಮ ಸ್ವಲ್ಪ ಬೇರೆ ಇರಬಹುದು. ಮುಂಗಡ ಹಣ ಕಟ್ಟುವ ಮೊದಲೇ ದೂರ ಎಷ್ಟು, ಕೊಳದಲ್ಲೋ ಸಮುದ್ರದಲ್ಲೋ ಅಂತ ವಾಟ್ಸಾಪಿನಲ್ಲಿ ಬರಹದಲ್ಲೇ ಕೇಳಿಟ್ಟುಕೊಳ್ಳಿ.

ಮುರುಡೇಶ್ವರದಲ್ಲಿ "ಈಜು ಬರದಿದ್ದರೂ ಸ್ಕೂಬಾ" ಅಂತ ಬೋರ್ಡ್ ಹಾಕಿರುತ್ತಾರಲ್ಲ?

ಬೋರ್ಡ್ ಸುಳ್ಳಲ್ಲ, ಆದರೆ ಅದು ಬೇರೆ ವಿಷಯ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಕರೆದೊಯ್ದು, ಬೋಧಕರು ಪಕ್ಕದಲ್ಲೇ ಹಿಡಿದುಕೊಂಡು ಒಂದಿಷ್ಟು ಹೊತ್ತು ನೀರೊಳಗೆ ತೋರಿಸುವುದು ಪರಿಚಯದ ಡೈವ್. ಅದಕ್ಕೆ ಈಜು ಪರೀಕ್ಷೆ ಇಲ್ಲ. ಪ್ಯಾಡಿ ನಿಯಮದಲ್ಲಿ ಅಂಥ ಡೈವ್ 12 ಮೀಟರಿಗಿಂತ ಆಳಕ್ಕೆ ಹೋಗುವಂತಿಲ್ಲ.

ಕೋರ್ಸ್ ಮುಗಿಸಿ ಡೈವರ್ ಎಂಬ ಅರ್ಹತೆಯ ಕಾರ್ಡ್ ತೆಗೆದುಕೊಂಡವರು ಬೋಧಕರಿಲ್ಲದೆ, ಒಬ್ಬ ಜೊತೆಗಾರನೊಂದಿಗೆ 18 ಮೀಟರ್ ತನಕ ಇಳಿಯಬಹುದು. ಅಲ್ಲಿ ಕೈ ಹಿಡಿಯುವವರು ಇರುವುದಿಲ್ಲ, ಅದಕ್ಕೇ ಪರೀಕ್ಷೆ. ಕಾರ್ಡ್ ಕೊಡುವ ಕೋರ್ಸಿಗೂ "ಈಜು ಟೆಸ್ಟ್ ಬಿಡಿ ಸಾರ್, ಅಡ್ಜಸ್ಟ್ ಮಾಡೋಣ" ಎನ್ನುವವರು ಸಿಕ್ಕರೆ ಬೇರೆ ಕಡೆ ನೋಡಿ. ಇದನ್ನು ಬಿಟ್ಟುಕೊಡುವವರು ಸಿಲಿಂಡರ್ ತಪಾಸಣೆಯನ್ನೂ ಬಿಟ್ಟಿರಬಹುದು.

ಗಾಳಿ ತುಂಬುವ ಜಾಕೆಟ್ ಇರುತ್ತದೆ, ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಲ್ಲಿ ಇರುತ್ತದೆ. ಈಜು ಯಾಕೆ ಬೇಕು?

ತೊಂದರೆ ಹೆಚ್ಚಾಗಿ ಬರುವುದು ನೀರಿನ ಮೇಲ್ಮೈಯಲ್ಲಿ. ಡೈವ್ ಮುಗಿಸಿ ಮೇಲೆ ಬಂದರೆ ದೋಣಿ ನೂರು ಮೀಟರ್ ಆಚೆ ಇದೆ, ಸೆಳೆತ ಎದುರಿಗಿದೆ, ಸಿಲಿಂಡರ್ ಖಾಲಿಯಾಗುತ್ತಿದೆ. ಆಗ ನೀರಿನಲ್ಲಿ ಗಾಬರಿಯಾಗದೆ ಸಾವಕಾಶವಾಗಿ ಕಾಲಾಡಿಸುವ ರೂಢಿ ಬೇಕು. ಮಾಸ್ಕಿನೊಳಗೆ ನೀರು ನುಗ್ಗಿದಾಗಲೂ ಅಷ್ಟೇ. ಮುಖ ನೀರಿನಲ್ಲಿದ್ದರೆ ಹೆದರುವವರು ತಕ್ಷಣ ಮೇಲಕ್ಕೆ ಚಿಮ್ಮಲು ನೋಡುತ್ತಾರೆ. ಸ್ಕೂಬಾದಲ್ಲಿ ಅತ್ಯಂತ ಅಪಾಯದ ಕೆಲಸ ಅದೇ. ನೀವು ಎಷ್ಟು ವೇಗದ ಈಜುಗಾರರು ಅಂತ ಬೋಧಕರು ನೋಡುವುದಿಲ್ಲ. ನೀರಿನಲ್ಲಿ ನೆಮ್ಮದಿಯಾಗಿ ಉಸಿರಾಡುತ್ತೀರೋ ಇಲ್ಲವೋ ಅಂತ ನೋಡುತ್ತಾರೆ.

ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ಈಜು ಕಲಿತಿದ್ದೇನೆ. ಸಾಲದೇ?

ಅರ್ಧ ಕೆಲಸ ಆಗಿದೆ. ಬಾವಿಯಲ್ಲಿ ಕಲಿತವರಿಗೆ ಆಳದ ಭಯ ಇರುವುದಿಲ್ಲ. ಸೊಂಟಕ್ಕೆ ಒಣಗಿದ ಸೋರೆ ಬುರುಡೆಯನ್ನೋ ಖಾಲಿ ಡಬ್ಬವನ್ನೋ ಕಟ್ಟಿಸಿಕೊಂಡು ತಳ ಕಾಣದ ನೀರಿಗೆ ಬಿದ್ದವರು ನೀವು. ಈಜುಕೊಳದ ನಾಲ್ಕು ಅಡಿಯಲ್ಲಿ ಕಲಿತವರಿಗೆ ಆ ಧೈರ್ಯ ಬರಲು ವಾರಗಳು ಬೇಕು.

ಕೊರತೆ ಇರುವುದು ದೂರದಲ್ಲಿ. ಬಾವಿಯ ಈ ದಡದಿಂದ ಆ ದಡಕ್ಕೆ ಹತ್ತು ಮೀಟರ್ ಇದ್ದರೆ ಹೆಚ್ಚು. ಎಂಟು-ಹತ್ತು ಸಲ ಕೈ ಬೀಸಿದರೆ ಮೆಟ್ಟಿಲು ಸಿಗುತ್ತದೆ, ಹಿಡಿದು ನಿಂತು ಮಾತಾಡುತ್ತೀರಿ. ಇಡೀ ಬೇಸಿಗೆ ಈಜಿದರೂ ಒಂದೇ ಉಸುರಿಗೆ 20 ಮೀಟರ್ ದಾಟಿರುವುದಿಲ್ಲ. ಜೊತೆಗೆ ತಲೆ ಪೂರ್ತಿ ಮೇಲೆತ್ತಿ ಈಜುವ ಅಭ್ಯಾಸ. ತಲೆ ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಮೈ ಓರೆಯಾಗಿ ನೀರನ್ನು ನೂಕುತ್ತ ಹೋಗಬೇಕಾಗುತ್ತದೆ. ಬಾವಿಯ ಅಗಲಕ್ಕೆ ಇದು ಗೊತ್ತಾಗದು, 60–70 ಮೀಟರ್ ಹೊತ್ತಿಗೆ ತೋಳು ಕಟ್ಟಿಕೊಳ್ಳುತ್ತದೆ.

25 ಮೀಟರ್‌ಗೇ ಏದುಸಿರು ಬರುತ್ತದೆ. ಸ್ಟ್ಯಾಮಿನಾ ಕಡಿಮೆಯೇ?

ಬಹುತೇಕ ಅಲ್ಲ. ದಿನಾ ಐದು ಕಿ.ಮೀ. ಓಡುವವರೂ, ಶಟಲ್ ಆಡುವವರೂ ಕೊಳದಲ್ಲಿ ಹೀಗೇ ಸುಸ್ತಾಗುತ್ತಾರೆ. ಕಾರಣ ಉಸಿರು ಬಿಡದಿರುವುದು.

ನೀರಿನೊಳಗೆ ಮುಖ ಹೋದ ತಕ್ಷಣ ಉಸಿರು ಕಟ್ಟುತ್ತೀರಿ. ಬಾಯಿ ಮೇಲೆ ಬಂದಾಗ ಆ ಅರೆಕ್ಷಣದಲ್ಲಿ ಹಳೆ ಗಾಳಿ ಬಿಟ್ಟು ಹೊಸ ಗಾಳಿ ಎಳೆಯಬೇಕು. ಎರಡಕ್ಕೂ ಹೊತ್ತು ಸಾಲದು. ಹಳೆಯದು ಪೂರ್ತಿ ಹೋಗುವುದಿಲ್ಲ, ಹೊಸದು ಪೂರ್ತಿ ಬರುವುದಿಲ್ಲ. ನಾಲ್ಕಾರು ಸಲ ಹೀಗಾದರೆ ಎದೆಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರು ಕಟ್ಟಿದಂತಾಗುವುದು ಅದರಿಂದ, ಆಮ್ಲಜನಕ ಮುಗಿದಿರುವುದಿಲ್ಲ. ಮೆದುಳು ಅದನ್ನೇ "ಮುಳುಗುತ್ತಿದ್ದೇನೆ" ಅಂತ ಓದುತ್ತದೆ, ಕೈಕಾಲು ಇನ್ನೂ ಜೋರಾಗಿ ಬಡಿಯುತ್ತವೆ, ಡೈಆಕ್ಸೈಡ್ ಇನ್ನೂ ಏರುತ್ತದೆ.

ಮದ್ದು ಸರಳ, ರೂಢಿಯಾಗಲು ಮಾತ್ರ ಹದಿನೈದು ದಿನ ಬೇಕು. ಮುಖ ನೀರಿನಲ್ಲಿ ಇರುವಷ್ಟು ಹೊತ್ತೂ ಮೂಗು-ಬಾಯಿಂದ ಸಣ್ಣಗೆ ಗುಳ್ಳೆ ಬರುತ್ತಲೇ ಇರಬೇಕು. ಬಾಯಿ ಮೇಲೆ ಬಂದಾಗ ಎಳೆದುಕೊಳ್ಳುವ ಕೆಲಸ ಮಾತ್ರ ಉಳಿಯಬೇಕು. ಸೊಂಟದ ಮಟ್ಟದ ನೀರಿನಲ್ಲಿ ಗೋಡೆ ಹಿಡಿದು ನಿಂತು ಮಾಡಿ: ಮೂರು ಎಣಿಸುವ ತನಕ ಮುಖ ಒಳಗಿಟ್ಟು ಗುಳ್ಳೆ, ಒಂದು ಎಣಿಸುವಷ್ಟರಲ್ಲಿ ಮೇಲೆ ಬಂದು ಉಸಿರು. ಹೀಗೆ ಒಂದೇ ಲಯದಲ್ಲಿ 30 ಸಲ. ಮೂವತ್ತನೆಯದರ ನಂತರವೂ ಮಾತಾಡುವಷ್ಟು ಉಸಿರು ಇದ್ದರೆ ಈಜಲು ಶುರುಮಾಡಿ. ಹತ್ತನೆಯದಕ್ಕೇ ಏದುಸಿರಾದರೆ ಗುಳ್ಳೆ ಸಾಕಷ್ಟು ಬಿಡುತ್ತಿಲ್ಲ ಅಂತ ಅರ್ಥ.

ಎರಡನೆಯ ಕಾರಣ ಅವಸರ. 25 ಮೀಟರನ್ನು ಒಂದು ನಿಮಿಷದಿಂದ ಒಂದೂಕಾಲು ನಿಮಿಷದಲ್ಲಿ ಮುಗಿಸಿದರೆ 200 ಮೀಟರಿಗೆ 8 ರಿಂದ 10 ನಿಮಿಷ ಆಗುತ್ತದೆ. ಅಷ್ಟು ಸಾಕು. ಪಕ್ಕದ ಲೇನಿನಲ್ಲಿ ಹತ್ತು ವರ್ಷದ ಹುಡುಗ ನಿಮ್ಮನ್ನು ನಾಲ್ಕು ಸಲ ದಾಟಿ ಹೋಗುತ್ತಾನೆ, ಹೋಗಲಿ.

ಯಾವ ಈಜು ಒಳ್ಳೆಯದು?

ಬರುವುದೇ ಒಳ್ಳೆಯದು. ಹೊಸದಾಗಿ ಆರಿಸುವುದಾದರೆ ಬ್ರೆಸ್ಟ್ ಸ್ಟ್ರೋಕ್, ಅಂದರೆ ಕಪ್ಪೆ ಈಜು. ಪ್ರತಿ ಸ್ಟ್ರೋಕಿಗೂ ಉಸಿರಿನ ಅವಕಾಶ ಇದೆ, ಮುಂದೇನಿದೆ ಕಾಣುತ್ತದೆ, ನಡುವೆ ಜಾರುತ್ತ ವಿಶ್ರಾಂತಿ ತೆಗೆದುಕೊಳ್ಳಬಹುದು. ಕ್ರಮ ಇದು: ಕೈ ಎಳೆದು ಉಸಿರು, ಕಾಲು ಒದ್ದು ಕೈ ಮುಂದೆ ಚಾಚು, ತಲೆ ಇಳಿಸಿ ಎರಡು ಎಣಿಸುವ ತನಕ ಸುಮ್ಮನೆ ಜಾರು. ಹೊಸಬರು ಆ ಜಾರುವ ಭಾಗವನ್ನೇ ನುಂಗಿಬಿಡುತ್ತಾರೆ. 25 ಮೀಟರಿಗೆ 28–30 ಸ್ಟ್ರೋಕ್ ಬೀಳುತ್ತಿದ್ದರೆ ನೀವು ಜಾರುತ್ತಿಲ್ಲ. ಎಣಿಸುತ್ತ ಬಂದು 20ರ ಒಳಗೆ ತನ್ನಿ. ಮಂಡಿ ನೋವಿರುವವರಿಗೆ ಕಪ್ಪೆ ಕಾಲು ಆಗಿಬರುವುದಿಲ್ಲ, ಅವರು ಅಂಗಾತ ಈಜನ್ನು ಹಿಡಿಯಲಿ.

ಫ್ರೀಸ್ಟೈಲ್ ನೋಡಲು ಚೆಂದ. ಆದರೆ ಪಕ್ಕಕ್ಕೆ ತಿರುಗಿ ಉಸಿರು ತೆಗೆಯುವುದು ಕೂಡಿಬರಲು ತಿಂಗಳುಗಳು ಬೇಕು. ಈ ಪರೀಕ್ಷೆಗೆಂದೇ ಅದನ್ನು ಕಲಿಯಲು ಹೊರಡುವುದು ಬೇಡ.

ಅಂಗಾತ ಈಜನ್ನು ಮಾತ್ರ ಎಲ್ಲರೂ ಕಲಿತಿರಬೇಕು. ಬೆನ್ನ ಮೇಲೆ ಮಲಗಿ, ಕೈ ಪಕ್ಕಕ್ಕೆ ಚಾಚಿ ತೊಡೆಯ ಕಡೆಗೆ ನೂಕಿ, ಕಾಲು ಕಪ್ಪೆಯಂತೆ ಒದ್ದು, ಜಾರುವುದು. ಬಾಯಿ ಮೂಗು ಹೊರಗೇ ಇರುತ್ತವೆ. 120 ಮೀಟರಿನಲ್ಲಿ ಉಸಿರು ತಪ್ಪಿತು ಅನ್ನಿ: ನಿಲ್ಲದೆ ಅಂಗಾತ ತಿರುಗಿ, 20 ಮೀಟರ್ ಹೀಗೇ ಹೋದರೆ ಉಸಿರು ಹದಕ್ಕೆ ಬರುತ್ತದೆ. ನಿಯಮದ ಪ್ರಕಾರ ನೀವು ನಿಂತಿಲ್ಲ.

ಗೋಡೆ ಮುಟ್ಟಬಹುದೇ?

ತಿರುಗುವಾಗ ಮುಟ್ಟಿ, ಕಾಲಿನಿಂದ ನೂಕಿಕೊಂಡು ಹೊರಡಬಹುದು. ಹಿಡಿದು ಸುಧಾರಿಸಿಕೊಳ್ಳುವಂತಿಲ್ಲ, ತಳದಲ್ಲಿ ನಿಲ್ಲುವಂತಿಲ್ಲ. 12 ಮೀಟರಿನ ರೆಸಾರ್ಟ್ ಕೊಳದಲ್ಲಿ ಪರೀಕ್ಷೆಯಾದರೆ ಹದಿನಾರು-ಹದಿನೇಳು ಸಲ ನೂಕಿಕೊಳ್ಳುವ ಲಾಭ ಸಿಗುತ್ತದೆ. ಸಮುದ್ರದಲ್ಲಿ ಆದರೆ ಒಂದೂ ಇಲ್ಲ. ಆದ್ದರಿಂದ ಕೊನೆಯ ಎರಡು ವಾರ ಗೋಡೆಗೆ ಎರಡು ಮೀಟರ್ ಮೊದಲೇ ತಿರುಗಿ ಅಭ್ಯಾಸ ಮಾಡಿ.

200 ಮೀಟರ್ ಖಾಲಿ ಈಜೋ, 300 ಮೀಟರ್ ಫಿನ್ ಹಾಕಿಯೋ?

ದುರ್ಬಲ ಈಜುಗಾರರಿಗೆ 300 ಸುಲಭ ಎನ್ನುವ ಮಾತು ಅರ್ಧ ಸತ್ಯ. ಸ್ನಾರ್ಕೆಲ್ ಇದ್ದರೆ ಉಸಿರಿಗೆ ತಲೆ ಎತ್ತಬೇಕಿಲ್ಲ, ಫಿನ್ ಇದ್ದರೆ ಒಂದೊಂದು ಒದೆತಕ್ಕೂ ಹೆಚ್ಚು ದೂರ. ಆದರೆ ಫಿನ್ ಹಾಕಿ ರೂಢಿಯಿಲ್ಲದ ಕಾಲಿಗೆ 150 ಮೀಟರ್ ಹೊತ್ತಿಗೆ ಮೀನಖಂಡ ಹಿಡಿದುಕೊಳ್ಳುತ್ತದೆ. ಸ್ನಾರ್ಕೆಲಿಗೆ ನೀರು ಹೊಕ್ಕಾಗ ಊದಿ ತೆಗೆಯುವುದು ಗೊತ್ತಿಲ್ಲದಿದ್ದರೆ ಅಲ್ಲೇ ಆಟ ಮುಗಿಯಿತು. ಆ ಊದು ಮೇಣದ ಬತ್ತಿ ಆರಿಸುವಂಥದ್ದಲ್ಲ. "ಟೂ" ಅಂತ ಒಂದೇ ಬಾರಿಗೆ ಬಲವಾಗಿ ಊದಿ, ಮುಂದಿನ ಉಸಿರನ್ನು ಮೆಲ್ಲಗೆ ಎಳೆಯಬೇಕು, ಒಳಗೆ ಇನ್ನೂ ಹನಿ ಉಳಿದಿರಬಹುದು.

ಒದೆತ ಸೊಂಟದಿಂದ ಬರಲಿ. ಸೈಕಲ್ ತುಳಿದಂತೆ ಮಂಡಿ ಮಡಚಿದರೆ ಫಿನ್ ನೀರನ್ನು ಹಿಂದಕ್ಕೆ ನೂಕದೆ ಮೇಲೆ-ಕೆಳಗೆ ಕಡೆಯುತ್ತದೆ.

ದಾವಣಗೆರೆಯಲ್ಲೇ ಕುಳಿತು ತಯಾರಾಗುವವರಿಗೆ 200 ಮೀಟರಿನದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಬೇಕಾದ ಸಾಮಾನು ಏನೂ ಇಲ್ಲ, ಎಲ್ಲಾದರೂ ಅಭ್ಯಾಸ ಮಾಡಬಹುದು. ಕೆಲವು ಕೊಳಗಳಲ್ಲಿ ಬೇರೆಯವರಿಗೆ ತಗಲುತ್ತದೆ ಅಂತ ಫಿನ್ ಬಿಡುವುದೇ ಇಲ್ಲ.

10 ನಿಮಿಷ ತೇಲುವುದೇ ಕಷ್ಟ. ಕಾಲು ಮುಳುಗುತ್ತದೆ.

ಎಲ್ಲರ ಕಾಲೂ ಮುಳುಗುತ್ತದೆ, ತೆಳ್ಳಗಿನ ಗಂಡಸರದು ಇನ್ನೂ ಬೇಗ. ಗಾಳಿಯ ಚೀಲ ಎದೆಯಲ್ಲಿದೆ, ಭಾರದ ಮೂಳೆ-ಸ್ನಾಯು ಕಾಲಲ್ಲಿದೆ. ತಕ್ಕಡಿಯಂತೆ ಕಾಲಿನ ಕಡೆ ಇಳಿಯುತ್ತದೆ. ಸರಿದೂಗಿಸಲು ಮೂರು ಕೆಲಸ: ಕೈಗಳನ್ನು ತಲೆಯ ಆಚೆಗೆ ಚಾಚಿ, ಮಂಡಿ ಮಡಚಿ ಕಾಲನ್ನು ಸೊಂಟದ ಹತ್ತಿರ ತನ್ನಿ, ಕಿವಿ ಮುಳುಗುವ ತನಕ ತಲೆ ಹಿಂದಕ್ಕೆ ಬಿಡಿ. ಕಿವಿ ಒದ್ದೆಯಾಗಬಾರದು ಅಂತ ತಲೆ ಎತ್ತಿದರೆ ಸೊಂಟ ಕುಸಿಯುತ್ತದೆ. ಇಷ್ಟು ಮಾಡಿಯೂ ಕಾಲು ಇಳಿದರೆ ಇಳಿಯಲಿ ಬಿಡಿ. ಮೈ ಓರೆಯಾಗಿ ನಿಂತು, ಮುಖ ಮಾತ್ರ ಮೇಲಿದ್ದರೂ ಅದು ತೇಲುವುದೇ.

ಎದೆ ತುಂಬ ಗಾಳಿ ಇದ್ದರೆ ಹೆಚ್ಚಿನವರು ಸಿಹಿನೀರಿನಲ್ಲೂ ತೇಲುತ್ತಾರೆ, ಪೂರ್ತಿ ಬಿಟ್ಟರೆ ಇಳಿಯುತ್ತಾರೆ. ಹಾಗಾಗಿ ತೇಲುವಾಗಿನ ಉಸಿರು ಈಜಿನದಕ್ಕಿಂತ ಬೇರೆ: ಬೇಗ ಬಿಡಿ, ಬೇಗ ತುಂಬಿ, ಎದೆ ತುಂಬಿದ ಸ್ಥಿತಿಯಲ್ಲಿ ಎರಡು-ಮೂರು ಎಣಿಸಿ, ಮತ್ತೆ. ಈ ರೂಢಿ ಇಲ್ಲಿಗಷ್ಟೇ. ಸಿಲಿಂಡರ್ ಹೊತ್ತು ನೀರೊಳಗೆ ಹೋದ ಮೇಲೆ ಉಸಿರು ಹಿಡಿಯಲೇಬಾರದು. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗಿ ಗಾಯವಾಗುತ್ತದೆ.

ಕೈಯ ಸಣ್ಣ ಚಲನೆ ಸಾಕು. ರೊಟ್ಟಿ ತಟ್ಟುವಂತೆ ನೀರನ್ನು ಮೇಲಿನಿಂದ ಬಡಿದರೆ ಒಂದು ಕ್ಷಣ ಮೇಲೇಳುತ್ತೀರಿ, ಮರುಕ್ಷಣ ಇಳಿಯುತ್ತೀರಿ. ಮೇಜಿನ ಮೇಲೆ ಚೆಲ್ಲಿದ ಮಂಡಕ್ಕಿಯನ್ನು ಅಂಗೈಯಿಂದ ಆಚೆ ಸರಿಸಿ, ಈಚೆ ಎಳೆದಂತೆ ಅಡ್ಡಡ್ಡ ಸವರಿ. ಅಂಗೈ ಸ್ವಲ್ಪ ಓರೆ ಇರಲಿ. ನಿಂತ ಭಂಗಿಯಲ್ಲಿ ಕಾಲಿಗೆ ಕಪ್ಪೆ ಒದೆತವನ್ನೇ ನಿಧಾನವಾಗಿ ಕೊಡಿ, ಗದ್ದ ನೀರಿಗೆ ತಾಗಿರಲಿ. ಕುತ್ತಿಗೆ ಪೂರ್ತಿ ಮೇಲಿಡಲು ಹೊರಟರೆ ನಾಲ್ಕೈದು ಕೆಜಿ ತಲೆಯ ಭಾರವನ್ನು ಸುಮ್ಮನೆ ಎತ್ತಿ ಹಿಡಿದಂತೆ.

ಹತ್ತು ನಿಮಿಷವನ್ನು ಹೀಗೆ ಹಂಚಿಕೊಳ್ಳಿ: 3 ನಿಮಿಷ ಅಂಗಾತ, 1 ನಿಮಿಷ ನಿಂತು, ಮತ್ತೆ 3, ಮತ್ತೆ 1, ಉಳಿದದ್ದು ಅಂಗಾತ. ಹೆಚ್ಚಿನವರು ಕೈಬಿಡುವುದು ಮೊದಲ ಎರಡು ನಿಮಿಷದಲ್ಲೇ, ಗಾಬರಿಯಿಂದ ಅತಿಯಾಗಿ ಕೈಕಾಲಾಡಿಸಿ. ಮೂರನೆಯ ನಿಮಿಷ ದಾಟಿದವರು ಸಾಮಾನ್ಯವಾಗಿ ಹತ್ತನ್ನೂ ಮುಗಿಸುತ್ತಾರೆ.

ಇನ್ನೊಂದು ಸಮಾಧಾನ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು 2.5% ಭಾರ. 70 ಕೆಜಿ ಮೈಗೆ ಒಂದೂ ಮುಕ್ಕಾಲು ಕೆಜಿಯಷ್ಟು ಹೆಚ್ಚುವರಿ ಎತ್ತುವಿಕೆ ಸಿಕ್ಕಂತೆ. ಇಲ್ಲಿನ ಕೊಳದಲ್ಲಿ ಹೇಗೋ ತೇಲುವವರು ಅಲ್ಲಿ ಆರಾಮಾಗಿ ತೇಲುತ್ತಾರೆ. ವೆಟ್‌ಸೂಟ್ (ಡೈವಿಂಗಿಗೆ ಹಾಕುವ ರಬ್ಬರಿನ ಬಿಗಿ ಉಡುಪು) ಹಾಕಿ ತೇಲಿಬಿಡೋಣ ಎಂಬ ಉಪಾಯ ಮಾತ್ರ ಬೇಡ. ಅದು ಕೊಡುವ ತೇಲುವಿಕೆಗೆ ಸರಿಯಾಗಿ ಸೊಂಟಕ್ಕೆ ಸೀಸದ ತೂಕ ಕಟ್ಟಿಸುತ್ತಾರೆ.

ಎಷ್ಟು ದಿನದ ತಯಾರಿ ಬೇಕು? ವಾರವಾರ ಏನು ಮಾಡಲಿ?

25 ಮೀಟರ್ ಹೇಗೋ ದಾಟುವವರಿಗೆ ಆರು ವಾರ, ವಾರಕ್ಕೆ ಮೂರು ದಿನ, ದಿನಕ್ಕೆ 45 ನಿಮಿಷ. ಭಾನುವಾರ ಒಂದೇ ದಿನ ಎರಡೂವರೆ ಗಂಟೆ ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಮೊದಲ ವಾರ ಈಜಬೇಡಿ. ಮೇಲೆ ಹೇಳಿದ ಗುಳ್ಳೆ, ಗೋಡೆ ಒದ್ದು ಜಾರುವುದು, ಅಂಗಾತ ತೇಲುವುದು, ಅಷ್ಟೇ. ಇದನ್ನು ಹಾರಿಸಿದವರೇ ನಾಲ್ಕನೇ ವಾರ "ಮುಂದಕ್ಕೆ ಹೋಗ್ತಾನೇ ಇಲ್ಲ" ಅಂತ ಬರುತ್ತಾರೆ.

ಎರಡನೇ ವಾರ 25 ಮೀಟರಿನ ಎಂಟು ತುಂಡು, ನಡುನಡುವೆ ಒಂದು ನಿಮಿಷ ವಿಶ್ರಾಂತಿ. ಒಟ್ಟು ದೂರ ಆಗಲೇ 200 ಆಯಿತು ನೋಡಿ. ಇನ್ನು ಮಾಡಬೇಕಿರುವುದು ವಿಶ್ರಾಂತಿಯನ್ನು ಕರಗಿಸುವ ಕೆಲಸ. ಮೂರನೇ ವಾರ ಅದೇ ಎಂಟು ತುಂಡು, ವಿಶ್ರಾಂತಿ 30 ಸೆಕೆಂಡ್. ನಾಲ್ಕನೇ ವಾರ 50 ಮೀಟರಿನ ನಾಲ್ಕು. ಐದನೇ ವಾರ 100ರ ಎರಡು, ನಡುವೆ ಒಂದು ನಿಮಿಷ. ಆರನೇ ವಾರದ ಮೊದಲ ದಿನ 150, ಎರಡನೇ ದಿನ ನಿಲ್ಲದೆ 200. ಮೂರನೇ ದಿನ 250 ಮಾಡಿ, ಪರೀಕ್ಷೆಯ ದಿನದ ಅಂಜಿಕೆಗೆ, ಅಲೆಗೆ ಸ್ವಲ್ಪ ಕೈಯಲ್ಲಿರಲಿ. ಪ್ರತಿದಿನದ ಕೊನೆಗೆ ತೇಲುವುದು: 2 ನಿಮಿಷದಿಂದ ಶುರುಮಾಡಿ ವಾರಕ್ಕೆ 2 ನಿಮಿಷ ಏರಿಸಿದರೆ ಐದನೇ ವಾರಕ್ಕೆ 10 ತಲುಪುತ್ತೀರಿ. ಸುಸ್ತಾದ ಮೇಲೆ ತೇಲಿದರೇ ನಿಜವಾದ ಅಭ್ಯಾಸ.

ಯಾವುದೋ ವಾರ ಮುಂದಕ್ಕೆ ಹೋಗದಿದ್ದರೆ ಅದನ್ನೇ ಮತ್ತೊಮ್ಮೆ ಮಾಡಿ. ಎಂಟು ವಾರ ಆದರೂ ಯಾರೂ ಕೇಳುವುದಿಲ್ಲ.

ಕೊಳದ ಉದ್ದ ಕೇಳಿಕೊಳ್ಳಿ. ಸಿಬ್ಬಂದಿಗೆ ಗೊತ್ತಿಲ್ಲದಿದ್ದರೆ ದಂಡೆಯಲ್ಲಿ ನಡೆಯಿರಿ. ಸಾಮಾನ್ಯ ಹೆಜ್ಜೆ ಮುಕ್ಕಾಲು ಮೀಟರ್ ಲೆಕ್ಕದಲ್ಲಿ 33 ಹೆಜ್ಜೆಗೆ 25 ಮೀಟರ್. 15 ಮೀಟರಿನ ಕೊಳವನ್ನು 25 ಎಂದುಕೊಂಡು ಎಂಟು ಸಲ ಓಡಾಡಿ ಬಂದವರು ಅಸಲಿಗೆ ಈಜಿರುವುದು 120 ಮೀಟರ್.

ವರ್ಷದಲ್ಲಿ ಯಾವಾಗ ಶುರುಮಾಡಬೇಕು?

ನೇತ್ರಾಣಿ ಕಡೆ ಡೈವಿಂಗ್ ಮಳೆಗಾಲದಲ್ಲಿ ಬಂದ್, ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ತನಕ ನಡೆಯುತ್ತದೆ. ನಮ್ಮೂರಿನ ಕೊಳಗಳು ಏಪ್ರಿಲ್–ಮೇನಲ್ಲಿ ಬೇಸಿಗೆ ಶಿಬಿರದ ಮಕ್ಕಳಿಂದ ತುಂಬಿ, ನೇರ ಹತ್ತು ಮೀಟರ್ ಈಜಲು ಜಾಗ ಇರುವುದಿಲ್ಲ. ಡಿಸೆಂಬರ್ ಬೆಳಗಿನ ನೀರು ಕೊರೆಯುತ್ತದೆ. ನಡುಗುವ ಮೈಗೆ ಉಸಿರು ಹಿಡಿತಕ್ಕೆ ಸಿಗದು. ಸೆಪ್ಟೆಂಬರ್‌–ಅಕ್ಟೋಬರ್‌ನಲ್ಲಿ ಇಲ್ಲಿ ತಯಾರಾಗಿ ನವೆಂಬರ್ ನಂತರ ಕೋರ್ಸಿಗೆ ಹೋಗುವುದು ಎಲ್ಲ ರೀತಿಯಲ್ಲೂ ಅನುಕೂಲ.

ಕೊಳಕ್ಕೆ ಯಾಕೆ ದುಡ್ಡು? ಭದ್ರಾ ನಾಲೆ ಇದೆ, ಸೂಳೆಕೆರೆ ಇದೆ, ಮಾರಿಕಣಿವೆ ಇದೆ.

ಬೇಡ. ನಾಲೆಯ ನೀರು ಮೇಲೆ ಶಾಂತವಾಗಿ ಕಂಡರೂ ಹರಿವು ಬಲವಾಗಿರುತ್ತದೆ. ಇಳಿಜಾರಿನ ಕಾಂಕ್ರೀಟ್ ಗೋಡೆಗೆ ಪಾಚಿ ಕಟ್ಟಿರುತ್ತದೆ, ಒಳ್ಳೆಯ ಈಜುಗಾರನೂ ಹತ್ತಿ ಬರಲಾರ. ಸೂಳೆಕೆರೆಯಲ್ಲಿ ಹೂಳಿದೆ, ಕಳೆ ಇದೆ, ಕಾಲಿಟ್ಟರೆ ಸಿಕ್ಕಿಕೊಳ್ಳುತ್ತದೆ. ಮಾರಿಕಣಿವೆಯಲ್ಲಿ, ಅಂದರೆ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ, ದಡದಿಂದ ನಾಲ್ಕು ಹೆಜ್ಜೆಗೆ ಆಳ ಯಾವಾಗ ಬದಲಾಗುತ್ತದೆ ಹೇಳಲಾಗದು. ಹರಿಹರದಲ್ಲಿ ತುಂಗಭದ್ರೆಯ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ದುರ್ಗದ ಹೊಂಡಗಳನ್ನಂತೂ ನೋಡಿ ಬರಬೇಕು ಅಷ್ಟೇ.

ದುರ್ಬಲ ಈಜುಗಾರರ ಅಭ್ಯಾಸ ಎಂದರೆ ಸುಸ್ತಾಗುವ ತನಕ ಈಜುವುದು. ಸುಸ್ತಾದಾಗ ಹಿಡಿಯಲು ಗೋಡೆ ಬೇಕು, ನೋಡುವ ಲೈಫ್‌ಗಾರ್ಡ್ ಬೇಕು. ಎರಡೂ ಇರುವುದು ಕೊಳದಲ್ಲಿ. ಸೇರುವಾಗ ಲೈಫ್‌ಗಾರ್ಡ್ ಇದ್ದಾರೆಯೇ, ಆಳದ ಕಡೆ ಬಿಡುತ್ತಾರೆಯೇ, ದೊಡ್ಡವರಿಗೆ ಬೇರೆ ಬ್ಯಾಚ್ ಇದೆಯೇ, ಈ ಮೂರನ್ನು ಕೇಳಿ. ಕಾಟನ್ ಬನಿಯನ್, ಬರ್ಮುಡಾ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟರೂ ನೀರು ಕುಡಿದು ನಿಮ್ಮನ್ನೇ ಎಳೆಯುತ್ತವೆ.

ಕೊಳ ದೂರ. ಮನೆಯಲ್ಲಿ ಏನಾದರೂ ಮಾಡಬಹುದೇ?

ಬಕೆಟ್ ಸಾಕು. ತುಂಬಿದ ಬಕೆಟ್ ಮುಂದೆ ಮಂಡಿಯೂರಿ ಗುಳ್ಳೆ ಅಭ್ಯಾಸ ಮಾಡಿ. ಆಮೇಲೆ ಸ್ನಾರ್ಕೆಲ್ ಬಾಯಲ್ಲಿಟ್ಟು, ಮಾಸ್ಕ್ ಇಲ್ಲದೆ ಮುಖ ಮುಳುಗಿಸಿ, ಬಾಯಿಂದ ಮಾತ್ರ ಒಂದು ನಿಮಿಷ ಉಸಿರಾಡಿ. ಮೂಗಿಗೆ ನೀರು ತಾಗಿದ್ದರೂ ಬಾಯಿಂದ ಉಸಿರಾಡಬಹುದು ಎಂದು ಮೆದುಳಿಗೆ ಕಲಿಸುವ ಪಾಠ ಇದು. ಕೋರ್ಸಿನಲ್ಲಿ ಮಾಸ್ಕ್ ತೆಗೆಯುವ ಕಸರತ್ತು ಬಂದಾಗ ಇದೇ ನಿಮ್ಮನ್ನು ಕಾಯುತ್ತದೆ. ಪಕ್ಕದಲ್ಲಿ ಯಾರಾದರೂ ಇರಲಿ.

ಉಸಿರು ಹಿಡಿಯುವ ಪಂದ್ಯ ಮಾತ್ರ ಮನೆಯಲ್ಲೂ ಬೇಡ, ಕೊಳದಲ್ಲೂ ಬೇಡ. ಜೋರಾಗಿ ಹತ್ತಾರು ಸಲ ಉಸಿರೆಳೆದು ಮುಳುಗಿದರೆ ಎಚ್ಚರಿಕೆ ಕೊಡುವ ಡೈಆಕ್ಸೈಡ್ ಮೊದಲೇ ಖಾಲಿಯಾಗಿರುತ್ತದೆ. ಉಸಿರು ಬೇಕೆನಿಸುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸಾಯುತ್ತಾರೆ.

ನಾಲ್ಕು ಅಡಿಯಲ್ಲಿ ಚೆನ್ನಾಗಿ ಈಜುತ್ತೇನೆ, ಆಳದ ಕಡೆ ಹೋದರೆ ಕೈಕಾಲು ಆಡುವುದಿಲ್ಲ.

ನೀರು ಅದೇ, ತೇಲಿಸುವ ಬಲವೂ ಅದೇ, ಇದು ನಿಮಗೂ ಗೊತ್ತಿದೆ, ಆದರೆ ಗೊತ್ತಿದ್ದರೆ ಭಯ ಹೋಗುವುದಿಲ್ಲ. ಕೋಚ್ ಪಕ್ಕದಲ್ಲಿ ಇರುವಾಗ ಆಳದ ಕಡೆಯ ಗೋಡೆ ಹಿಡಿದು ಒಂದು ಕೈ ಬಿಡಿ, ಎರಡೂ ಬಿಟ್ಟು ಐದು ಎಣಿಸಿ, ಹತ್ತು ಎಣಿಸಿ. ಮರುದಿನ ಗೋಡೆಯ ಪಕ್ಕದಲ್ಲೇ, ಒಂದು ತೋಳಿನಷ್ಟು ದೂರದಲ್ಲಿ ಉದ್ದಕ್ಕೆ ಈಜಿ. ಗೋಡೆ ಇದೆ ಎಂಬ ಧೈರ್ಯವೇ ಸಾಕು, ಮುಟ್ಟಬೇಕಾಗುವುದಿಲ್ಲ. ಹಿಂದಿನಿಂದ ನೂಕಿ "ಭಯ ಬಿಡಿಸುವ" ಕೋಚ್ ಆದರೆ ಕೋಚನ್ನು ಬಿಡಿ.

ಕಾಲು ಹಿಡಿದುಕೊಂಡರೆ?

ಅಂಗಾತ ತಿರುಗಿ, ಹಿಡಿದುಕೊಂಡ ಕಾಲಿನ ಬೆರಳುಗಳನ್ನು ಹಿಡಿದು ಮೊಣಕಾಲಿನ ಕಡೆಗೆ ಎಳೆಯಿರಿ, ಮಂಡಿ ನೆಟ್ಟಗಿರಲಿ. ಫಿನ್ ಇದ್ದರೆ ಅದರ ತುದಿ ಹಿಡಿದು ಎಳೆದರೆ ಸಾಕು. ಅರ್ಧ ನಿಮಿಷದಲ್ಲಿ ಸಡಿಲವಾಗುತ್ತದೆ. ಪಾದವನ್ನು ಬಿಗಿಯಾಗಿ ಚೂಪಾಗಿಸಿಕೊಂಡು ಒದೆಯುವವರಿಗೆ ಇದು ಹೆಚ್ಚು. ದಿನವಿಡೀ ನೀರು ಕುಡಿಯದೆ ಸಂಜೆ ಕೊಳಕ್ಕೆ ಬಂದರೂ ಅಷ್ಟೇ.

ಏನು ತಿಂದು ಹೋಗಬೇಕು?

ಬೆಣ್ಣೆ ದೋಸೆ ಆಮೇಲೆ. ಈಜಿಗೆ ಮುಂಚೆ ಒಂದೂವರೆ-ಎರಡು ಗಂಟೆ ಹೊಟ್ಟೆ ಹಗುರ ಇರಲಿ, ಬಾಳೆಹಣ್ಣು ಒಂದು ಸಾಕು. ಮಂಡಕ್ಕಿ-ಮಿರ್ಚಿ ತಿಂದು ಅಂಗಾತ ಮಲಗಿದರೆ ಹುಳಿತೇಗು ಗಂಟಲಿಗೇ ಬರುತ್ತದೆ. ದೋಣಿಯ ದಿನವಂತೂ ಎಣ್ಣೆ ಪದಾರ್ಥ ಮುಟ್ಟಬೇಡಿ.

ಹೆಂಗಸರಿಗೆ ಬೇರೆ ಸೂಚನೆ ಇದೆಯೇ?

ತೇಲುವುದು ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಸುಲಭ, ಮೈಯ ಕೊಬ್ಬಿನಂಶ ಅಲ್ಲಿ ಉಪಕಾರಿ. ಮೈತುಂಬ ಮುಚ್ಚುವ ನೈಲಾನ್ ಈಜುಡುಗೆ ಸಿಗುತ್ತದೆ, ಅದರಲ್ಲೇ ಪರೀಕ್ಷೆ ಕೊಡಬಹುದು. ಚೂಡಿದಾರ್, ದುಪಟ್ಟಾ ಮಾತ್ರ ಬೇಡ. ಮಹಿಳಾ ಬ್ಯಾಚಿನ ಸಮಯವನ್ನು ಮೊದಲೇ ಕೇಳಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಟ್ಯಾಂಪೂನ್ ಅಥವಾ ಕಪ್ ಬಳಸಿ ಈಜಬಹುದು, ಡೈವ್ ಮಾಡಲೂಬಹುದು. ಗರ್ಭಿಣಿಯರು ಸ್ಕೂಬಾ ಮಾಡುವಂತಿಲ್ಲ.

ಕನ್ನಡಕ ಇದೆ, ಮೀಸೆ ಇದೆ.

ಪವರ್ ಇರುವ ಮಾಸ್ಕ್ ಸಿಗುತ್ತದೆ, ಕೆಲವು ಕೇಂದ್ರಗಳು ಬಾಡಿಗೆಗೂ ಇಟ್ಟಿರುತ್ತವೆ. ಬುಕ್ ಮಾಡುವಾಗಲೇ ನಂಬರ್ ತಿಳಿಸಿ. ಮೀಸೆಯ ಕೂದಲಿನ ಸಂದಿಯಲ್ಲಿ ಮಾಸ್ಕಿಗೆ ನೀರು ಜಿನುಗುತ್ತದೆ. ಮೂಗಿನ ಕೆಳಗೆ ಒಂದು ತೆಳು ಗೆರೆಯಷ್ಟು ಕ್ಷೌರ ಮಾಡಿಸಿದರೆ ಬಹಳಷ್ಟು ನಿಲ್ಲುತ್ತದೆ, ದೂರದಿಂದ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಮಾಸ್ಕ್ ಸರಿಹೊಂದುತ್ತದೋ ನೋಡಲು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡಿದ್ದರೆ ಸರಿ.

ವೈದ್ಯರ ಪತ್ರ ಬೇಕೇ?

ಕೋರ್ಸಿಗೆ ಮುಂಚೆ ಆರೋಗ್ಯದ ಪ್ರಶ್ನಾವಳಿ ತುಂಬಿಸುತ್ತಾರೆ. ಉಬ್ಬಸ, ಹೃದಯದ ತೊಂದರೆ, ಮೂರ್ಛೆ ರೋಗ, ಕಿವಿಯ ಶಸ್ತ್ರಚಿಕಿತ್ಸೆ ಇಂಥವಕ್ಕೆ "ಹೌದು" ಎಂದರೆ ವೈದ್ಯರ ಒಪ್ಪಿಗೆ ಪತ್ರ ಇಲ್ಲದೆ ನೀರಿಗಿಳಿಸುವುದಿಲ್ಲ. ಆ ಹಾಳೆಯನ್ನು ಮೊದಲೇ ತರಿಸಿಕೊಂಡು ಇಲ್ಲೇ ನಿಮ್ಮ ವೈದ್ಯರಿಗೆ ತೋರಿಸಿ. ಅಲ್ಲಿ ಹೋಗಿ ಸಿಕ್ಕಿಬಿದ್ದರೆ ಎರಡು ದಿನ ವ್ಯರ್ಥ. ಮುಚ್ಚಿಟ್ಟು "ಇಲ್ಲ" ಎಂದು ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಫೇಲ್ ಆದರೆ ದುಡ್ಡು ಹೋಯಿತೇ?

ಒಂದೇ ಪ್ರಯತ್ನ ಎಂಬ ನಿಯಮ ಇಲ್ಲ. ಈಜು ಒಂದು ದಿನ, ತೇಲುವುದು ಇನ್ನೊಂದು ದಿನ ಮಾಡಿಸುವವರೂ ಇದ್ದಾರೆ. ಆಗದಿದ್ದರೆ ಮರುದಿನ ಮತ್ತೆ ಪ್ರಯತ್ನಿಸಬಹುದು. ಪೂರ್ತಿ ಆಗದೇ ಹೋದರೆ ಕಾರ್ಡ್ ಸಿಗುವುದಿಲ್ಲ. ಆಗ ಉಳಿದ ಭಾಗವನ್ನು ಮುಂದೆ ಬಂದು ಮುಗಿಸಬಹುದೇ, ಹಣದ ಲೆಕ್ಕ ಏನು ಎಂಬುದು ಕೇಂದ್ರದಿಂದ ಕೇಂದ್ರಕ್ಕೆ ಬೇರೆ, ಮೊದಲೇ ಕೇಳಿ. "ನಾನು ದುರ್ಬಲ ಈಜುಗಾರ, ಆರು ವಾರದಿಂದ ತಯಾರಾಗಿದ್ದೇನೆ" ಅಂತ ಬೋಧಕರಿಗೆ ಮೊದಲ ದಿನವೇ ಹೇಳಿಬಿಡಿ. ನಾಚಿಕೆ ಬಿಟ್ಟರೆ ಅವರು ಗುಂಪಿನೊಂದಿಗೆ ಅಲ್ಲದೆ ಬೇರೆಯಾಗಿ, ಗಾಳಿ ಕಡಿಮೆಯಿರುವ ಬೆಳಗಿನ ಹೊತ್ತು ಮಾಡಿಸಬಹುದು.

ಸಮುದ್ರದಲ್ಲೇ ಪರೀಕ್ಷೆ ಎಂದರೆ ಏನು ವ್ಯತ್ಯಾಸ?

ಉಪ್ಪು ನೀರು ಬಾಯಿಗೆ ಬರುತ್ತದೆ, ಉಗಿದು ಮುಂದುವರಿಯಿರಿ, ಕೆಮ್ಮಲು ನಿಂತರೆ ಇನ್ನೆರಡು ಗುಟುಕು ಒಳಹೋಗುತ್ತದೆ. ಅಲೆ ಬರುವ ಕಡೆಗೆ ಬೆನ್ನು ಮಾಡಿ ಉಸಿರು ತೆಗೆಯಿರಿ. ತಳದ ಗೆರೆ ಇಲ್ಲದ್ದರಿಂದ ನೇರ ಹೋಗುವುದು ತಪ್ಪುತ್ತದೆ. ಐದಾರು ಸ್ಟ್ರೋಕಿಗೊಮ್ಮೆ ತಲೆ ಎತ್ತಿ ದೋಣಿಯನ್ನೋ ತೇಲುಬುರುಡೆಯನ್ನೋ ನೋಡಿಕೊಳ್ಳಿ.

ಕೋರ್ಸ್ ಮುಗಿದ ಸಂಜೆಯೇ ಹೊರಟರೆ ರಾತ್ರಿಗೆ ದಾವಣಗೆರೆ ಸೇರಬಹುದಲ್ಲ?

ಈಜಿಗೆ ಸಂಬಂಧವಿಲ್ಲದಿದ್ದರೂ ಪ್ರತಿಸಲ ಬರುವ ಪ್ರಶ್ನೆ. ಡೈವ್ ಮಾಡಿದ ಮೈಯಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ. ಎತ್ತರಕ್ಕೆ ಹೋದರೆ ಗಾಳಿಯ ಒತ್ತಡ ಇಳಿದು ಅದು ಗುಳ್ಳೆಯಾಗುವ ಅಪಾಯ ಇದೆ. ವಿಮಾನಕ್ಕೆ ಹೇಳುವ ಕಾಯುವ ಅವಧಿ ಒಂದು ಡೈವಿಗೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ 18 ಗಂಟೆ. ಇದು ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೂ ಅನ್ವಯ. ದಾವಣಗೆರೆ ಇರುವುದೇ ಸುಮಾರು 600 ಮೀಟರ್ ಎತ್ತರದಲ್ಲಿ, ಚಿತ್ರದುರ್ಗ 700ಕ್ಕೂ ಮೇಲೆ, ದಾರಿಯಲ್ಲಿ ಘಟ್ಟ ಬೇರೆ. ಕರಾವಳಿಯಲ್ಲೇ ಆ ರಾತ್ರಿ ಉಳಿದು, ಮರುದಿನ ಮಧ್ಯಾಹ್ನದ ಊಟ ಮುಗಿಸಿ ಘಟ್ಟ ಹತ್ತಿ.